ಸರೌಂಡ್ ಸ್ಪೀಕರಿಗೆ ರಿಸೀವರಿನ ಕಸುವು ಸಾಲದೇ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವಿನ ಹಳೆಯ ಮುರಕಲ್ಲಿನ ಮನೆ. ಮರದ ಮುಚ್ಚಿಗೆಯ ಚಾವಡಿ 20 ಅಡಿ ಉದ್ದ, 14 ಅಡಿ ಅಗಲ ಇದೆ. ಕಳೆದ ವರ್ಷ ಏಳು ಚಾನೆಲಿನ, ಅಂದರೆ ಏಳು ಸ್ಪೀಕರುಗಳಿಗೆ ಬೇರೆ ಬೇರೆ ಸದ್ದು ಕೊಡುವ ಹೋಮ್ ಥಿಯೇಟರ್ ರಿಸೀವರ್ ಕೊಂಡೆ. ಪೆಟ್ಟಿಗೆಯ ಮೇಲೆ ಚಾನೆಲಿಗೆ 140 ವ್ಯಾಟ್ ಎಂದಿದೆ, ಜತೆಗೆ ಬಂದ ಪುಸ್ತಕದಲ್ಲಿ 80 ಎಂದಿದೆ. ಎದುರಿಗೆ 6 ಓಮಿನ ಎರಡು ಟವರ್, ನಡುವೆ ಒಂದು ಸೆಂಟರ್, ಬೇರೆ ಪ್ಲಗ್ ಇರುವ ಸಬ್‌ವೂಫರ್. ಸೋಫಾದ ಎಡಬಲಕ್ಕೆ ಗೋಡೆಯಲ್ಲಿ 8 ಓಮಿನ ಸಣ್ಣ ಸ್ಪೀಕರ್ ಎರಡು. ಅವುಗಳ ಬೆನ್ನಲ್ಲಿ 120 ವ್ಯಾಟ್, 86 ಡೆಸಿಬೆಲ್ ಎಂದು ಬರೆದಿದೆ. ಈ ಪಕ್ಕದ (ಸರೌಂಡ್) ಸ್ಪೀಕರುಗಳು ಬಹಳ ಕ್ಷೀಣವಾಗಿ ಕೇಳುತ್ತವೆ. ಮಾರ್ಚಿನಲ್ಲಿ ಎರಡು ಸಲ ಸಂಜೆ ಹೊತ್ತು ಜೋರಾಗಿ ಇಟ್ಟಾಗ ರಿಸೀವರ್ ತಾನಾಗಿ ಆರಿ ಕೆಂಪು ದೀಪ ಮಿನುಗಿತು. ‘80 ವ್ಯಾಟಿನ ರಿಸೀವರ್ 120 ವ್ಯಾಟಿನ ಸ್ಪೀಕರನ್ನು ಎಳೆಯುವುದಿಲ್ಲ, ಸರೌಂಡಿಗೆ ಬೇರೆ ಆಂಪ್ಲಿಫಯರ್ ಹಾಕಿ, ಇಲ್ಲದಿದ್ದರೆ ಸ್ಪೀಕರ್ ಸುಟ್ಟುಹೋಗುತ್ತದೆ’ ಎಂದು ಅಂಗಡಿಯವರು ಹೇಳುತ್ತಾರೆ. 25 ಸಾವಿರ ಖರ್ಚು ಮಾಡುವುದೇ? ಹಳೆಯ ಹೋಮ್ ಥಿಯೇಟರ್ ಸೆಟ್ಟಿನ 3 ಓಮಿನ ಎರಡು ಪುಟ್ಟ ಸ್ಪೀಕರುಗಳೂ ಇವೆ. ಅವನ್ನು ಹಿಂದೆ ಹಾಕಿ ಏಳು ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಗಂಟು ಬಿದ್ದಿವೆ. ಪಕ್ಕದ ಸ್ಪೀಕರ್ ಕೇಳಿಸುವುದಿಲ್ಲ ಎಂಬುದು ಒಂದು, ರಿಸೀವರ್ ಆರಿಹೋಯಿತು ಎಂಬುದು ಇನ್ನೊಂದು. ಎರಡಕ್ಕೂ ವ್ಯಾಟಿನ ಕೊರತೆಯೇ ಕಾರಣ ಎಂದು ನಿಮ್ಮನ್ನು ನಂಬಿಸಲಾಗಿದೆ. ಮೊದಲನೆಯದಕ್ಕೂ ವ್ಯಾಟಿಗೂ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದಕ್ಕೆ ಸಂಬಂಧ ಇರಬಹುದು, ಆದರೆ ಅದಕ್ಕೆ ಪಕ್ಕದ ಸ್ಪೀಕರುಗಳು ಹೊಣೆಯಲ್ಲ. ಆ 25 ಸಾವಿರವನ್ನು ಸದ್ಯಕ್ಕೆ ಮುಟ್ಟಬೇಡಿ.

ಸ್ಪೀಕರಿನ ಬೆನ್ನಲ್ಲಿ ಬರೆದ 120 ವ್ಯಾಟ್ ಎಂದರೆ ಅದು ತಾಳಿಕೊಳ್ಳುವ ಮಿತಿ. ಅಷ್ಟು ಕೊಟ್ಟರೆ ಮಾತ್ರ ನುಡಿಯುತ್ತದೆ ಎಂದು ಅದರ ಅರ್ಥವಲ್ಲ. ಅರ್ಧ ವ್ಯಾಟಿಗೂ ಅದು ಚೆನ್ನಾಗಿ ನುಡಿಯುತ್ತದೆ. ನೀವು ನೋಡಬೇಕಾದದ್ದು ಪಕ್ಕದಲ್ಲೇ ಇರುವ 86 ಡೆಸಿಬೆಲ್ ಎಂಬ ಸಂಖ್ಯೆಯನ್ನು. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. ನಿಮ್ಮ ಚಾವಡಿಯ ಅಗಲ 14 ಅಡಿ. ಸೋಫಾದ ನಡುವೆ ಕುಳಿತರೆ ಪಕ್ಕದ ಸ್ಪೀಕರಿಗೆ ಸುಮಾರು 2 ಮೀಟರ್. ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ, ಅಲ್ಲಿಗೆ 80 ಉಳಿಯಿತು. ಗೋಡೆಗಳು ಮರಳಿಸುವ ಸದ್ದಿನಿಂದ ಸ್ವಲ್ಪ ಲಾಭವೂ ಇದೆ, ಅದನ್ನು ಬಿಟ್ಟೇ ಲೆಕ್ಕ ಹಾಕೋಣ. 1 ವ್ಯಾಟಿಗೆ 80, 10 ವ್ಯಾಟಿಗೆ 90, 80 ವ್ಯಾಟಿಗೆ 99 ಡೆಸಿಬೆಲ್.

ಇನ್ನು ಬೇಡಿಕೆ ಎಷ್ಟು? ಸಿನಿಮಾ ಮಂದಿರದ ಮಟ್ಟದಲ್ಲಿ ಒಂದೊಂದು ಚಾನೆಲಿನ ಸರಾಸರಿ 85, ಕ್ಷಣದ ಗರಿಷ್ಠ 105 ಡೆಸಿಬೆಲ್ ಎಂದು ಇಟ್ಟುಕೊಳ್ಳುತ್ತಾರೆ. ಕ್ಯಾಲಿಬ್ರೇಷನ್ ಮಾಡಿದ, ಅಂದರೆ ಸ್ಪೀಕರುಗಳ ಮಟ್ಟ ಅಳೆದು ಹೊಂದಿಸಿದ ರಿಸೀವರಿನಲ್ಲಿ ವಾಲ್ಯೂಮ್ ಸೊನ್ನೆಗೆ ಬಂದರೆ ಆ ಮಟ್ಟ. ಇಲ್ಲಿ ಸೊನ್ನೆ ಎಂದರೆ ಮೌನವಲ್ಲ, ಅಲ್ಲಿಂದ ತಗ್ಗಿಸಿದಷ್ಟು ಡೆಸಿಬೆಲ್ ಮೈನಸ್ ಅಂಕಿಯಾಗಿ ಕಾಣುತ್ತದೆ. ಮನೆಯಲ್ಲಿ ಅಷ್ಟು ಯಾರೂ ಇಡುವುದಿಲ್ಲ. ಮನೆಮಂದಿ ‘ಸ್ವಲ್ಪ ಸಣ್ಣ ಮಾಡು’ ಎನ್ನುವ ಹಂತವೇ ಸಾಧಾರಣವಾಗಿ ಮೈನಸ್ 15ರ ಆಸುಪಾಸು. ಅಲ್ಲಿ ಪಕ್ಕದ ಸ್ಪೀಕರಿನ ಗರಿಷ್ಠ ಬೇಡಿಕೆ 90 ಡೆಸಿಬೆಲ್, ಅಂದರೆ ಕ್ಷಣಮಾತ್ರಕ್ಕೆ 10 ವ್ಯಾಟ್. ಉಳಿದ ಹೊತ್ತು ಮಳೆಯ ಸದ್ದು, ಜನರ ಗುಜುಗುಜು, ಹಿನ್ನೆಲೆ ಸಂಗೀತ ಇವೆಲ್ಲ 70 ಡೆಸಿಬೆಲಿನ ಒಳಗೇ ಮುಗಿಯುತ್ತವೆ. ಅದಕ್ಕೆ ಒಂದು ವ್ಯಾಟಿನ ಹತ್ತರಲ್ಲೊಂದು ಪಾಲು ಸಾಕು. ಭಾರದ ಕೆಲಸವಾದ ಕೆಳಸ್ವರವನ್ನು 80 ಹರ್ಟ್ಸಿನಿಂದ ಕೆಳಗೆ ಸಬ್‌ವೂಫರ್ ತನ್ನದೇ ಆಂಪ್ಲಿಫಯರಿನಿಂದ ಹೊರುತ್ತದೆ. ಹಾಗಾಗಿ ಸರೌಂಡ್ ಚಾನೆಲಿಗೆ ಬೇರೆ ಆಂಪ್ಲಿಫಯರ್ ತಂದರೆ ಆ ಹಣ ದುಡಿಯುವುದೇ ಇಲ್ಲ.

140 ಮತ್ತು 80ರ ಗೊಂದಲಕ್ಕೆ ಬರೋಣ. ಎರಡೂ ಸುಳ್ಳಲ್ಲ, ಅಳೆದ ಬಗೆ ಬೇರೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಒಂದೇ ಚಾನೆಲ್ ಓಡಿಸಿ, 6 ಓಮಿಗೆ (ಓಮ್ ಎಂದರೆ ಸ್ಪೀಕರಿನ ವಿದ್ಯುತ್ ತಡೆ; ಅದು ಕಡಿಮೆಯಾದಷ್ಟೂ ಸ್ಪೀಕರ್ ಹೆಚ್ಚು ಕರೆಂಟು ಎಳೆಯುತ್ತದೆ), 1 ಕಿಲೋಹರ್ಟ್ಸಿನ ಒಂದೇ ಸ್ವರದಲ್ಲಿ, ಶೇ. 10ರಷ್ಟು ವಿಕೃತಿಯನ್ನು ಒಪ್ಪಿಕೊಂಡು ಬರೆದದ್ದು. ಶೇ. 10 ಎಂದರೆ ಕಿವಿಗೆ ಗೀರುವಷ್ಟು ಒಡೆದ ಸದ್ದು. ಪುಸ್ತಕದ 80 ಎಂಬುದು ಎರಡು ಚಾನೆಲ್ ಒಟ್ಟಿಗೆ ಓಡಿಸಿ, 8 ಓಮಿಗೆ, 20ರಿಂದ 20,000 ಹರ್ಟ್ಸಿನ ತನಕ, ಶೇ. 0.1ಕ್ಕಿಂತ ಕಡಿಮೆ ವಿಕೃತಿಯಲ್ಲಿ ಸಿಗುವುದು. ನಂಬಬೇಕಾದದ್ದು ಇದನ್ನೇ. ಏಳೂ ಚಾನೆಲುಗಳನ್ನು ಒಟ್ಟಿಗೆ ತುದಿಗೆ ತಂದರೆ ಇದೂ ಉಳಿಯುವುದಿಲ್ಲ. ತೋಟದಲ್ಲಿ ಒಂದು ಪಂಪಿಗೆ ಏಳು ಸ್ಪ್ರಿಂಕ್ಲರ್ ಜೋಡಿಸಿ ಎಲ್ಲ ವಾಲ್ವನ್ನೂ ಒಟ್ಟಿಗೆ ತಿರುಗಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ರಿಸೀವರಿನೊಳಗೂ ಏಳು ಆಂಪ್ಲಿಫಯರುಗಳಿಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್. ಈ ದರ್ಜೆಯ ಯಂತ್ರದಲ್ಲಿ ಎಲ್ಲವೂ ಏಕಕಾಲಕ್ಕೆ ದುಡಿದರೆ ಚಾನೆಲಿಗೆ 40ರ ಹತ್ತಿರಕ್ಕೆ ಬಂದರೂ ಆಶ್ಚರ್ಯವಿಲ್ಲ. 80ರಿಂದ 40ಕ್ಕೆ ಇಳಿದರೆ ಅರ್ಧ ಹೋಯಿತೆಂದು ಕಂಗಾಲಾಗಬೇಡಿ. ಕಿವಿಗೆ ಅದು 3 ಡೆಸಿಬೆಲ್ ಮಾತ್ರ. ಮೇಲಾಗಿ ಎಲ್ಲ ಚಾನೆಲುಗಳೂ ಒಂದೇ ಕ್ಷಣದಲ್ಲಿ ತುದಿ ಮುಟ್ಟುವ ದೃಶ್ಯ ಅಪರೂಪ. ಚೆಂಡೆಯನ್ನು ನೆನಪಿಸಿಕೊಳ್ಳಿ. ಭಾಗವತರ ಪದ ಒಂದೇ ಹದದಲ್ಲಿ ಸಾಗುತ್ತಿರುವಾಗ ಚೆಂಡೆಯ ಪೆಟ್ಟು ಕ್ಷಣಕ್ಕೆ ಎದ್ದು ಬೀಳುತ್ತದೆ. ಆ ಪೆಟ್ಟಿಗೆ ಸರಾಸರಿಗಿಂತ 20 ಡೆಸಿಬೆಲ್ ಹೆಚ್ಚು ಬೇಕಾದರೆ ಅದು ನೂರು ಪಟ್ಟು ವ್ಯಾಟ್, ಆದರೆ ಸೆಕೆಂಡಿನ ಸಣ್ಣ ಚೂರಿಗೆ ಮಾತ್ರ. ಅಷ್ಟನ್ನು ರಿಸೀವರಿನ ಕೆಪಾಸಿಟರುಗಳು ಕೂಡಿಟ್ಟ ವಿದ್ಯುತ್ತಿನಿಂದಲೇ ಒದಗಿಸುತ್ತವೆ.

‘ಸಣ್ಣ ಆಂಪ್ಲಿಫಯರ್ ಸ್ಪೀಕರ್ ಸುಡುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆಂಪ್ಲಿಫಯರನ್ನು ಅದರ ಮಿತಿ ಮೀರಿ ದುಡಿಸಿದರೆ ತರಂಗದ ತಲೆ ಕತ್ತರಿಸಿಹೋಗುತ್ತದೆ. ಆಗ ಸರಾಸರಿ ಶಕ್ತಿ ಏರಿ, ಮೇಲುಸ್ವರದ ಪಾಲೂ ಹೆಚ್ಚಿ, ಮೇಲುಸ್ವರ ನುಡಿಸುವ ಟ್ವೀಟರಿನ ಕೂದಲೆಳೆಯ ಸುರುಳಿ ಕಾಯುತ್ತದೆ. ಸುಡುವುದು ಈ ಅತಿದುಡಿಮೆ. ಸದ್ದು ಒಡೆಯುವ ಮೊದಲೇ ವಾಲ್ಯೂಮ್ ತಗ್ಗಿಸುವವರ ಮನೆಯಲ್ಲಿ 20 ವ್ಯಾಟಿನ ಆಂಪ್ಲಿಫಯರ್ 120 ವ್ಯಾಟಿನ ಸ್ಪೀಕರನ್ನು ವರ್ಷಗಟ್ಟಲೆ ಓಡಿಸುತ್ತದೆ.

ಹಾಗಾದರೆ ಪಕ್ಕದ ಸ್ಪೀಕರ್ ಏಕೆ ಕೇಳುತ್ತಿಲ್ಲ? ಇಂಥ ದೂರುಗಳಲ್ಲಿ ಮೊದಲು ನೋಡಬೇಕಾದ್ದು ರಿಸೀವರಿಗೆ ಒಳಬರುತ್ತಿರುವುದು ಏನು ಎಂಬುದನ್ನು. ಸಿನಿಮಾ ಓಡುವಾಗ ರಿಮೋಟಿನ ಇನ್ಫೊ ಗುಂಡಿ ಒತ್ತಿ, ಒಳಬರುವ ಸಿಗ್ನಲ್ ಓದಿ. ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಎಂದಿದ್ದರೆ ಸರಿ. ಪಿಸಿಎಂ 2.0 ಅಥವಾ ಸ್ಟೀರಿಯೊ, ಅಂದರೆ ಎರಡೇ ಚಾನೆಲಿನ ಸದ್ದು ಎಂದಿದ್ದರೆ ಪಕ್ಕಕ್ಕೆ ಕೊಡಲು ರಿಸೀವರಿನ ಬಳಿ ಏನೂ ಇಲ್ಲ. ಟಿವಿಯಿಂದ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ವಯರಿನಲ್ಲೇ ರಿಸೀವರಿಗೆ ಮರಳಿಸುವ ವ್ಯವಸ್ಥೆ) ಮೂಲಕ ಸದ್ದು ತರುತ್ತಿದ್ದರೆ, ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂ ಎಂದು ಇದ್ದಾಗ ಎರಡೇ ಚಾನೆಲ್ ಸಾಗುತ್ತದೆ. ಅದನ್ನು ಆಟೊ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಎಂದು ಬದಲಿಸಿ. ಸೆಟ್‌ಟಾಪ್ ಬಾಕ್ಸಿನಲ್ಲೂ ಇದೇ ಆಯ್ಕೆ ಇರುತ್ತದೆ. ಯೂಟ್ಯೂಬಿನ ಯಕ್ಷಗಾನ, ತಾಳಮದ್ದಳೆಗಳು ಎರಡು ಚಾನೆಲಿನ ಧ್ವನಿಯೇ. ಅವುಗಳಿಗೆ ಸೌಂಡ್ ಮೋಡ್‌ನಲ್ಲಿ ಡಾಲ್ಬಿ ಸರೌಂಡ್ ಆರಿಸಿದರೆ ರಿಸೀವರ್ ತಾನೇ ಸ್ವಲ್ಪ ಸದ್ದನ್ನು ಪಕ್ಕಕ್ಕೆ ಹಂಚುತ್ತದೆ. ತಾಳಮದ್ದಳೆಗೆ ನನ್ನ ಆಯ್ಕೆ ಮಾತ್ರ ನೇರ ಸ್ಟೀರಿಯೊ. ಅರ್ಥಧಾರಿಯ ಮಾತು ಎದುರಿನಿಂದಲೇ ಬಂದರೆ ಸ್ಪಷ್ಟ.

ಎರಡನೆಯದು ಮಟ್ಟ. ರಿಸೀವರಿನ ಟೆಸ್ಟ್ ಟೋನ್ ಹಾಕಿ, ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಹಿಡಿದು ನೋಡಿ. ಎಲ್ಲ ಸ್ಪೀಕರುಗಳಿಂದಲೂ ಒಂದೇ ಅಂಕಿ, ಸುಮಾರು 75 ಬರಬೇಕು. ಮೊಬೈಲಿನ ಅಂಕಿ ನಿಖರವಾಗಿರದಿದ್ದರೂ ಚಿಂತೆಯಿಲ್ಲ, ಎಲ್ಲಕ್ಕೂ ಸಮ ಬಂದರಾಯಿತು. ಆಮೇಲೆ ಲೆವೆಲ್ ಪುಟದಲ್ಲಿ ಸರೌಂಡಿನ ಸಂಖ್ಯೆ ಓದಿ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲೇ ಇದೆ. ಆ ಪುಟದ ಮಿತಿ ಸಾಮಾನ್ಯವಾಗಿ ಮೈನಸ್ 12ರಿಂದ ಪ್ಲಸ್ 12. ಸರೌಂಡ್ ಸೊನ್ನೆಯ ಆಚೀಚೆ 5ರ ಒಳಗಿದ್ದರೆ ಆಂಪ್ಲಿಫಯರ್ ಆರಾಮವಾಗಿದೆ. ಪ್ಲಸ್ 10 ದಾಟಿಯೂ ಸಾಲದಾದರೆ ವಯರಿನಲ್ಲೋ ಸ್ಪೀಕರಿನಲ್ಲೋ ದೋಷವಿದೆ. ಮೈಕ್ ಇಟ್ಟು ಆಟೊ ಕ್ಯಾಲಿಬ್ರೇಷನ್ ಮಾಡಿದ್ದರೆ ಅದನ್ನು ಇನ್ನೊಮ್ಮೆ ಮಾಡಿ. ಫ್ಯಾನ್ ಆರಿಸಿ, ತೋಟದ ಪಂಪು ಓಡದ ಹೊತ್ತಿನಲ್ಲಿ, ಮಳೆ ಇಲ್ಲದಾಗ. ಮಳೆ ಹೊಯ್ಯುತ್ತಿರುವಾಗ ಮಾಡಿದ ಅಳತೆ ನಂಬುವಂಥದ್ದಲ್ಲ.

ಸ್ಥಾನದ ಬಗ್ಗೆ ಒಂದೇ ಮಾತು: 5.1ರಲ್ಲಿ ಪಕ್ಕದ ಸ್ಪೀಕರ್ ಕಿವಿಯ ನೇರಕ್ಕಿಂತ ತುಸು ಹಿಂದೆ, ಎದುರಿನಿಂದ 110ರಿಂದ 120 ಡಿಗ್ರಿ ಕೋನದಲ್ಲಿ, ಕಿವಿಯ ಎತ್ತರಕ್ಕೋ ಅದಕ್ಕಿಂತ ಒಂದೆರಡು ಅಡಿ ಮೇಲೋ ಇರಬೇಕು. ಮುಚ್ಚಿಗೆಯ ತೊಲೆಗೆ ತಾಗಿಸಿ ಮೇಲೆ ಕಟ್ಟಿದ್ದರೆ ಕೆಳಗಿಳಿಸಿ.

ವಯರಿನ ಬಗ್ಗೆ ನೀವು ಏನೂ ಬರೆದಿಲ್ಲ. ಸ್ಪೀಕರಿನ ಜತೆ ಬರುವ ಪಾರದರ್ಶಕ ತೆಳು ವಯರನ್ನೇ ಹಾಕಿದ್ದರೆ ಅದನ್ನು ಬದಲಿಸಿ. ಬಾಗಿಲು ಸುತ್ತಿ ಗೋಡೆಯಂಚಿನಲ್ಲಿ ತಂದರೆ ನಿಮ್ಮ ಚಾವಡಿಯಲ್ಲಿ ಒಂದು ಕಡೆಗೆ 14 ಮೀಟರ್ ಆದೀತು, ಹೋಗಿಬರುವ ದಾರಿ 28 ಮೀಟರ್. 0.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಅದು ಸುಮಾರು 1 ಓಮ್ ತಡೆ; ಅಲ್ಯುಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ವಯರಾದರೆ ಒಂದೂವರೆ ಓಮಿನ ತನಕ. 8 ಓಮಿನ ಸ್ಪೀಕರಿಗೆ ಇದರಿಂದ ಆಗುವ ನಷ್ಟ ಒಂದೂವರೆ ಡೆಸಿಬೆಲ್. ‘ಬಹಳ ಕ್ಷೀಣ’ ಎನ್ನುವುದಕ್ಕೆ ಅಷ್ಟು ಸಾಲದು. ಆದರೆ ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಇಂಥ ವಯರಿನ ತುದಿ ಹಸಿರುಗಟ್ಟುತ್ತದೆ, ತಿರುಚಿ ಟೇಪು ಸುತ್ತಿದ ಜಾಯಿಂಟ್ ಒಳಗೇ ಕೊಳೆಯುತ್ತದೆ. ಆಗ ಸ್ಪೀಕರ್ ಕೆರಕೆರ ಎನ್ನುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಮನೆಯ ವಯರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ಮಲ್ಟಿಸ್ಟ್ರಾಂಡ್ ತಾಮ್ರದ ವಯರ್ ಸಾಕು. ಕೆಂಪು ಒಂದು, ಕಪ್ಪು ಒಂದು ತೆಗೆದುಕೊಂಡು ಜೋಡಿ ತಿರುಚಿ ಎಳೆಯಿರಿ. 14 ಮೀಟರಿಗೆ ಅದರ ತಡೆ 0.34 ಓಮ್, 8 ಓಮಿನ ಶೇ. 5ರ ಒಳಗೆ ಇರಬೇಕೆಂಬ ಅಂದಾಜಿಗೆ ಇದು ಸಲ್ಲುತ್ತದೆ. ನಡುವೆ ಜಾಯಿಂಟ್ ಬೇಡ. ಕರೆಂಟಿನ ವಯರ್ ಇರುವ ಪೈಪಿನೊಳಗೆ ಮಾತ್ರ ಇದನ್ನು ತುರುಕಬೇಡಿ. ಅದು ಜೀವಕ್ಕೆ ಅಪಾಯ.

ಕೆಂಪು ಕಪ್ಪು ಅದಲುಬದಲಾಗಿದ್ದರೆ ಒಂದು ಸ್ಪೀಕರ್ ಇನ್ನೊಂದರ ಸದ್ದನ್ನು ತಿಂದು ತೆಳುವಾಗಿಸುತ್ತದೆ. ರಿಸೀವರಿನಿಂದ ವಯರ್ ಬಿಡಿಸಿ, 1.5 ವೋಲ್ಟಿನ ಸಣ್ಣ ಬ್ಯಾಟರಿಯ ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕೋನ್ ಹೊರಕ್ಕೆ ಜಿಗಿದರೆ ಸರಿ, ಒಳಕ್ಕೆ ಹೋದರೆ ತಿರುವುಮುರುವಾಗಿದೆ.

ಇನ್ನು ರಿಸೀವರ್ ಆರಿದ್ದು. ಕೆಂಪು ದೀಪ ಮಿನುಗಿದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಂಡಿದೆ ಎಂದರ್ಥ. ಅದಕ್ಕೆ ಮೂರು ಕಾರಣಗಳನ್ನು ನೋಡಬೇಕು, ಮೊದಲನೆಯದು ತೀರಾ ಸಣ್ಣದು: ಟರ್ಮಿನಲಿನಲ್ಲಿ ವಯರಿನ ಒಂದೇ ಒಂದು ಎಳೆ ಹೊರಚಾಚಿ ಪಕ್ಕದ್ದಕ್ಕೆ ತಾಗುವುದು. ವಾಲ್ಯೂಮ್ ಏರಿದಾಗ, ಟವರ್ ಅದುರಿದಾಗ ಅದು ತಾಗಿ ಬಿಡುತ್ತದೆ. ರಿಸೀವರಿನ ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ವಯರ್ ಬಿಡಿಸಿ, ಒಂದೊಂದೇ ಜೋಡಿಯನ್ನು ಮಲ್ಟಿಮೀಟರಿನ ಓಮ್‌ನಲ್ಲಿ ಅಳೆಯಿರಿ. 8 ಓಮಿನ ಸ್ಪೀಕರ್ ಸಾಮಾನ್ಯವಾಗಿ 6ರಿಂದ 7.5, 6 ಓಮಿನದ್ದು 4ರಿಂದ 5.5 ತೋರಿಸುತ್ತದೆ. ಯಾವುದಾದರೂ 2ರ ಕೆಳಗೆ ಬಂದರೆ ಶಾರ್ಟ್, ಅಂಕಿಯೇ ಬಾರದಿದ್ದರೆ ವಯರ್ ತುಂಡಾಗಿದೆ. ಮತ್ತೆ ಜೋಡಿಸುವಾಗ ತುದಿಯ ಎಳೆಗಳನ್ನು ಬಿಗಿಯಾಗಿ ತಿರುಚಿ ಬನಾನಾ ಪ್ಲಗ್ ಹಾಕಿ.

ಎರಡನೆಯ ಕಾರಣ ಬಿಸಿ. ಮಾರ್ಚಿನ ಸಂಜೆ, ಮುಂದೆ ಗಾಜಿನ ಬಾಗಿಲಿರುವ ಟಿವಿ ಕಪಾಟಿನೊಳಗೆ ರಿಸೀವರ್ ಇದ್ದರೆ ಅದು ಬೇಯುತ್ತದೆ. ಮೇಲ್ಗಡೆ ಕನಿಷ್ಠ 10 ಸೆಂಟಿಮೀಟರ್ ಖಾಲಿ ಇರಲಿ, ಹಿಂಬದಿ ತೆರೆದಿರಲಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಧೂಳಿಗೆಂದು ಬಟ್ಟೆ ಹೊದಿಸಬೇಡಿ.

ಮೂರನೆಯದರ ಮೇಲೆ ನನಗೆ ಹೆಚ್ಚು ಗುಮಾನಿ: ವೋಲ್ಟೇಜ್. ಬೇಸಗೆಯಲ್ಲಿ ತೋಟಗಳ ಪಂಪುಗಳೆಲ್ಲ ಓಡುವಾಗ, ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ 230 ಇರಬೇಕಾದ್ದು 180ಕ್ಕೆ ಇಳಿಯುವುದು ಹಳ್ಳಿಯಲ್ಲಿ ಹೊಸತಲ್ಲ. ರಿಸೀವರಿನ ಆಂಪ್ಲಿಫಯರಿಗೆ ಟ್ರಾನ್ಸ್‌ಫಾರ್ಮರ್ ಕೊಡುವ ವೋಲ್ಟೇಜ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ವ್ಯಾಟ್ ಅದರ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 180ನ್ನು 230ರಿಂದ ಭಾಗಿಸಿ ವರ್ಗ ಮಾಡಿದರೆ 0.61. ನಿಮ್ಮ 80 ವ್ಯಾಟ್ ಆ ಸಂಜೆಗಳಲ್ಲಿ 49 ವ್ಯಾಟ್ ಮಾತ್ರ! ಸದ್ದು ಬೇಗ ಒಡೆಯುತ್ತದೆ, ಒಳಗಿನ ನಿಯಂತ್ರಣ ಸರ್ಕ್ಯೂಟ್ ತಡವರಿಸಿ ಯಂತ್ರ ಆರಲೂಬಹುದು. ಪಂಪು ಓಡುವಾಗ ಮತ್ತು ನಿಂತಾಗ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಸಿ. ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. 200ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ 170ರಿಂದ 270ರ ತನಕ ನಿಭಾಯಿಸುವ 1 ಕೆವಿಎ ಸ್ಟೆಬಿಲೈಸರ್ ಹಾಕಿ. ಫ್ರಿಜ್ಜಿನ ಜತೆ ಹಂಚಿಕೊಳ್ಳುವುದು ಬೇಡ. ನಿಮ್ಮ 25 ಸಾವಿರದಲ್ಲಿ ಸಣ್ಣ ಪಾಲಿಗೆ ಸಿಗುವ ಈ ವಸ್ತುವಿನಿಂದ ಬರುವ ಲಾಭ ಯಾವ ಸರೌಂಡ್ ಆಂಪ್ಲಿಫಯರಿನಿಂದಲೂ ಬಾರದು. ಕರೆಂಟು ಹೋದಾಗ ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ರಿಸೀವರ್ ಓಡಿಸಬೇಡಿ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಕಾಯುತ್ತದೆ. ಸೈನ್‌ವೇವ್ ಆದರೆ ಅಡ್ಡಿಯಿಲ್ಲ.

ಇವುಗಳ ಜತೆ ಸೆಟ್ಟಿಂಗಿನಲ್ಲೂ ಒಂದು ಭಾರ ಇಳಿಸಬಹುದು. ಟವರುಗಳನ್ನು ‘ಲಾರ್ಜ್’ ಎಂದು ಇಟ್ಟಿದ್ದರೆ ಕೆಳಸ್ವರವನ್ನೆಲ್ಲ ರಿಸೀವರೇ ಹೊರುತ್ತಿದೆ, ಅದೂ 6 ಓಮಿಗೆ. ಟವರ್ ದೊಡ್ಡದಿದೆ, ‘ಸ್ಮಾಲ್’ ಎನ್ನುವುದು ಅದಕ್ಕೆ ಅವಮಾನ ಎಂದು ಭಾವಿಸಬೇಡಿ. ಎಲ್ಲವನ್ನೂ ಸ್ಮಾಲ್ ಮಾಡಿ ಕ್ರಾಸೋವರ್ (ಕೆಳಸ್ವರವನ್ನು ಸಬ್‌ವೂಫರಿಗೆ ದಾಟಿಸುವ ಗಡಿ) 80 ಹರ್ಟ್ಸ್, ಪಕ್ಕದವಕ್ಕೆ ಬೇಕಿದ್ದರೆ 100 ಇಡಿ. ಮೆನುವಿನಲ್ಲಿ 4 ಓಮ್, 8 ಓಮ್ ಎಂಬ ಇಂಪೀಡೆನ್ಸ್ ಆಯ್ಕೆ ಇದ್ದರೆ 8ರಲ್ಲೇ ಬಿಡಿ. 4 ಎಂದು ಇಟ್ಟರೆ ಶಕ್ತಿ ಹೆಚ್ಚುವುದಿಲ್ಲ, ಬಿಸಿ ತಗ್ಗಿಸಲೆಂದು ರಿಸೀವರ್ ತನ್ನ ಶಕ್ತಿಯನ್ನೇ ಕುಗ್ಗಿಸಿಕೊಳ್ಳುತ್ತದೆ. 6 ಓಮಿನ ಸ್ಪೀಕರಿಗೆ ನಿಮ್ಮ ರಿಸೀವರ್ ಒಪ್ಪುತ್ತದೆಯೇ ಎಂಬುದು ಹಿಂಬದಿಯ ಟರ್ಮಿನಲಿನ ಬಳಿಯೇ ಅಚ್ಚಾಗಿರುತ್ತದೆ, ಒಮ್ಮೆ ಓದಿಕೊಳ್ಳಿ.

ಹಳೆಯ ಸೆಟ್ಟಿನ 3 ಓಮಿನ ಸ್ಪೀಕರುಗಳನ್ನು ದಯವಿಟ್ಟು ಹಾಕಬೇಡಿ. ಅವು ತಮ್ಮ ಪೆಟ್ಟಿಗೆಯ ಆಂಪ್ಲಿಫಯರಿಗೆಂದೇ ಮಾಡಿದವು. ಅದೇ ವಾಲ್ಯೂಮಿನಲ್ಲಿ 8 ಓಮಿನ ಸ್ಪೀಕರ್ ಎಳೆಯುವ ಕರೆಂಟಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಎಳೆಯುತ್ತವೆ. ರಿಸೀವರ್ ಪದೇಪದೇ ಆರುವುದು ಒಳ್ಳೆಯ ಪರಿಣಾಮ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವುದು ಕೆಟ್ಟದ್ದು. ಎರಡನ್ನೂ ಸೀರೀಸಿನಲ್ಲಿ ಜೋಡಿಸಿ 6 ಓಮ್ ಮಾಡಬಹುದೆಂದು ಯಾರಾದರೂ ಹೇಳಿಯಾರು. ವಿದ್ಯುತ್ತಿನ ಲೆಕ್ಕದಲ್ಲಿ ಅದು ಸರಿ, ಆದರೆ ಮೂರಿಂಚಿನ ಆ ಕೋನುಗಳಿಗೆ 150 ಹರ್ಟ್ಸಿನ ಕೆಳಗೆ ದನಿಯೇ ಇಲ್ಲ. ಸೋಫಾ ಹಿಂಗೋಡೆಗೆ ಹತ್ತಿರವಿದ್ದರೆ ಹಿಂದಿನ ಸ್ಪೀಕರಿಗೆ ಜಾಗವೂ ಇಲ್ಲ. ಸರಿಯಾಗಿ ಕೂತ ಐದು, ಎಲ್ಲೆಲ್ಲೋ ತೂಗಿದ ಏಳಕ್ಕಿಂತ ಎಷ್ಟೋ ಮೇಲು. ಹಾಗೆಯೇ ಜಗಲಿಗೂ ಸದ್ದು ಬೇಕೆಂದು ಈಗಿನ ಸರೌಂಡ್ ಟರ್ಮಿನಲಿಗೇ ಇನ್ನೊಂದು ಜೋಡಿ ಸಿಕ್ಕಿಸುವುದೂ ಬೇಡ. 8ಕ್ಕೆ 8 ಸೇರಿದರೆ 4 ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಣ ಹಾಕುವ ಮನಸ್ಸಿದ್ದರೆ? 80 ವ್ಯಾಟಿನ ಬದಲು 110 ವ್ಯಾಟಿನ ರಿಸೀವರ್ ಕೊಳ್ಳುವುದು ನಷ್ಟ, ಸಿಗುವುದು 1.4 ಡೆಸಿಬೆಲ್. ಹೊರಗಿನ ಆಂಪ್ಲಿಫಯರ್ ತಂದರೆ ಅದನ್ನು ಎದುರಿನ ಟವರುಗಳಿಗೆ, ಸಾಧ್ಯವಾದರೆ ಸೆಂಟರಿಗೂ ಕೊಡಿ. ಸಿನಿಮಾದ ಹೆಚ್ಚಿನ ದುಡಿಮೆ ಇರುವುದು ಅಲ್ಲಿ. ಅವು ಹೊರಗೆ ಹೋದರೆ ರಿಸೀವರಿನ ಟ್ರಾನ್ಸ್‌ಫಾರ್ಮರ್ ಪೂರ್ತಿ ಸರೌಂಡಿಗೇ ಉಳಿಯುತ್ತದೆ. ಕೊಳ್ಳುವ ಮೊದಲು ರಿಸೀವರಿನ ಹಿಂದೆ ಫ್ರಂಟ್ ಪ್ರೀಔಟ್ (ಎದುರಿನ ಚಾನೆಲಿನ ಸಿಗ್ನಲನ್ನು ಹೊರಗಿನ ಆಂಪ್ಲಿಫಯರಿಗೆ ಕೊಡುವ ಸಾಕೆಟ್) ಇದೆಯೇ ನೋಡಿ. ಈ ದರ್ಜೆಯ ಹಲವು ಯಂತ್ರಗಳಲ್ಲಿ ಸಬ್‌ವೂಫರಿಗೆ ಮಾತ್ರ ಇರುತ್ತದೆ, ಆಗ ಈ ದಾರಿ ಮುಚ್ಚಿದಂತೆ. ಇದ್ದರೂ ಎರಡು ಯಂತ್ರ ಕೂಡಿಸಿದಾಗ ಹಮ್ ಎಂಬ ಗುಂಯ್ ಬರುವ ಸಂಭವವಿದೆ, ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ. ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು. ಆಂಪ್ಲಿಫಯರನ್ನು ಕೊನೆಗೆ ಹಾಕಿ ಮೊದಲು ಆರಿಸಬೇಕು. ಮುಂದೆಂದಾದರೂ ಪಕ್ಕದ ಸ್ಪೀಕರ್ ಬದಲಿಸುವಾಗ 86ರ ಬದಲು 90 ಡೆಸಿಬೆಲಿನದ್ದನ್ನು ಹುಡುಕಿ. ಅದೊಂದೇ ಆಯ್ಕೆ ಎರಡೂವರೆ ಪಟ್ಟು ವ್ಯಾಟಿಗೆ ಸಮ.

ಬಾಳಿಕೆಯ ದೃಷ್ಟಿಯಿಂದ ಇನ್ನೊಂದು. ಏಪ್ರಿಲ್–ಮೇ ತಿಂಗಳ ಮತ್ತು ತುಲಾ ಮಳೆಯ (ಅಕ್ಟೋಬರ್–ನವೆಂಬರ್) ಸಂಜೆಗಳಲ್ಲಿ ನಮ್ಮಲ್ಲಿ ರಿಸೀವರುಗಳು ಕೆಡುವುದು ಸಿಡಿಲಿಗೆ. ಸರ್ಜ್ ಪ್ರೊಟೆಕ್ಟರ್ ಇದೆಯೆಂದು ಕೂರಬೇಡಿ. ಅರ್ತ್ ಸರಿಯಿಲ್ಲದೆ ಅದು ಕೆಲಸ ಮಾಡದು, ಬೇಸಗೆಯ ಒಣ ಮುರಕಲ್ಲಿನ ನೆಲದಲ್ಲಿ ಅರ್ತ್ ಸಹ ದುರ್ಬಲ. ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ರಿಸೀವರಿನ ಪ್ಲಗ್ಗಿನ ಜತೆ ಸಬ್‌ವೂಫರಿನದ್ದೂ, ಟಿವಿಯದ್ದೂ ಬರಲಿ. ಡಿಶ್ ಅಥವಾ ಕೇಬಲ್ ವಯರನ್ನು ಸೆಟ್‌ಟಾಪ್ ಬಾಕ್ಸಿನಿಂದ ತಿರುಪಿ ತೆಗೆದಿಡಿ. ಆ ವಯರಿನಲ್ಲಿ ಇಳಿದ ಸಿಡಿಲು ಬಾಕ್ಸನ್ನು ದಾಟಿ ಎಚ್‌ಡಿಎಂಐ ಮೂಲಕವೇ ರಿಸೀವರಿನ ಒಳಹೊಕ್ಕು ಬೋರ್ಡ್ ಸುಡುತ್ತದೆ, ಪ್ಲಗ್ ಕಿತ್ತಿದ್ದರೂ.